ಕ್ಯಾಮೆರಾ ಲೆನ್ಸಲ್ಲಿ 1.8ರಿಂದ 1.4ಕ್ಕೆ ನಿಜವಾಗ್ಲೂ ಎಷ್ಟು ಸ್ಟಾಪ್?

ಮೊನ್ನೆ ರಾತ್ರಿ ಊರಲ್ಲಿ ಯಕ್ಷಗಾನ ಇತ್ತು, ನನ್ನ ಹತ್ರ ಇದ್ದಿದ್ದು ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್, ಅದನ್ನ 55 ಎಂಎಂಗೆ ಝೂಮ್ ಮಾಡಿದ್ರೆ ಅಪರ್ಚರ್ (ಬೆಳಕು ಬರೋ ತೂತು, ನಂಬರ್ ಚಿಕ್ಕದಾದಷ್ಟೂ ತೂತು ದೊಡ್ಡದು) 5.6ಕ್ಕಿಂತ ತೆರೆಯಲ್ಲ, ಶಟರ್ 1/125 ಸೆಕೆಂಡ್ ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ಕ್ಕೆ ಏರಿಸ್ಬೇಕಾಯ್ತು, ವೇಷದ ಮುಖದ ಬಣ್ಣದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ನಾಯ್ಸ್. ಪಕ್ಕದಲ್ಲಿ ಕೂತಿದ್ದ ಗೆಳೆಯ ಅವನ 50 ಎಂಎಂ 1.8 ಲೆನ್ಸ್ ಕೊಟ್ಟ.

ಆಗ ಡಯಲ್ ತಿರುಗಿಸ್ತಾ ಎಣಿಸಿದೆ. 5.6, 5, 4.5, 4, 3.5, 3.2, 2.8, 2.5, 2.2, 2, 1.8. ಹತ್ತು ಕ್ಲಿಕ್. ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು ಆಗೋದು, ಒಂದು ಕ್ಲಿಕ್ ಅಂದ್ರೆ 1/3 ಸ್ಟಾಪ್, ಸೋ ಮೂರೂ ಕಾಲಿಗಿಂತ ಚೂರು ಜಾಸ್ತಿ ಸ್ಟಾಪ್, ಹತ್ತು ಪಟ್ಟು ಬೆಳಕು! ಐಎಸ್‌ಒನೂ ಹತ್ತು ಕ್ಲಿಕ್ ಇಳಿಸಿದ್ರೆ ಸರಿಯಾಗಿ 640.

ಹಾಗಾದ್ರೆ 1.8ರ ಬದಲು ಜಾಸ್ತಿ ದುಡ್ಡಿನ 1.4 ಲೆನ್ಸ್ ತಗೊಂಡ್ರೆ ಇನ್ನೆಷ್ಟು ಬೆಳಕು ಸಿಗತ್ತೆ? ತುಂಬಾ ಜನ ತಪ್ಪೋದು ಎಲ್ಲಿ ಅಂದ್ರೆ, 1.8ರಲ್ಲಿ 1.4 ಕಳೆದು 0.4 ಅಂತಾರೆ, ಹಾಗಲ್ಲ. ಫೋಕಲ್ ಲೆಂತನ್ನ ತೂತಿನ ಅಗಲದಿಂದ ಭಾಗಿಸಿದ್ರೆ ಬರೋದೇ ಎಫ್ ನಂಬರ್. 50 ಎಂಎಂ ಲೆನ್ಸಲ್ಲಿ 1.8 ಅಂದ್ರೆ ಸುಮಾರು 28 ಎಂಎಂ ತೂತು, 1.4 ಅಂದ್ರೆ 36ರ ಹತ್ರ. ಬೆಳಕು ಒಳಗೆ ಬರೋದು ತೂತಿನ ವಿಸ್ತೀರ್ಣದ ಮೇಲೆ, ಅದಕ್ಕೇ ವರ್ಗ ಮಾಡ್ಬೇಕು. 1.8ನ್ನ 1.4ರಿಂದ ಭಾಗಿಸಿದ್ರೆ 1.286, ಅದರ ವರ್ಗ 1.65, ಅಂದ್ರೆ 1.65 ಪಟ್ಟು ಬೆಳಕು. ಪೂರ್ತಿ ಸ್ಟಾಪ್ ಅಂದ್ರೆ 2 ಪಟ್ಟು, 1/3 ಸ್ಟಾಪ್ 1.26 ಪಟ್ಟು, 2/3 ಸ್ಟಾಪ್ 1.59 ಪಟ್ಟು. ಮೊಬೈಲ್ ಕ್ಯಾಲ್ಕುಲೇಟರಲ್ಲಿ 1.65ರ ಲಾಗ್ ತೆಗೆದು 0.301ರಿಂದ (ಅದು 2ರ ಲಾಗ್) ಭಾಗಿಸಿದ್ರೆ 0.72 ಸ್ಟಾಪ್ ಬರತ್ತೆ. 0.67 ಯಾಕೆ ಬರ್ಲಿಲ್ಲ ಅಂದ್ರೆ ಲೆನ್ಸ್ ಮೇಲೆ ಬರೆದಿರೋದು ರೌಂಡ್ ಮಾಡಿದ ನಂಬರ್, ಸ್ಕೇಲಲ್ಲಿ 1.4 ಅಂದ್ರೆ ಅಸಲಿಗೆ 1.414, 1.8 ಅಂದ್ರೆ 1.78. ಅದನ್ನ ಹಾಕಿ ನೋಡಿ, 2/3 ಬಂದೇ ಬರತ್ತೆ.

ಧೀಂಗಿಣ (ಗಿರಗಿರ ಸುತ್ತೋ ಕುಣಿತ) ಶುರುವಾದಾಗ 1/125 ಸಾಲ್ಲಿಲ್ಲ, 1/500 ಬೇಕಾಯ್ತು, ಅಲ್ಲಿ ಎರಡು ಸ್ಟಾಪ್ ಹೋಯ್ತು, ಐಎಸ್‌ಒ ಮತ್ತೆ 2500. 1.4 ಇದ್ದಿದ್ರೆ 1600ಕ್ಕೆ ಆಗ್ತಿತ್ತು, ಆದ್ರೆ 1.8ಕ್ಕೇ ಕಣ್ಣು ಶಾರ್ಪ್ ಇದ್ರೆ ಕಿರೀಟದ ಅಂಚು ಮಸುಕಾಗ್ತಿತ್ತು, 1.4ಕ್ಕೆ ಇನ್ನೂ ಮಸುಕು. ಎರಡು ಕ್ಲಿಕ್ಕಿಗೋಸ್ಕರ ಅಷ್ಟು ದುಡ್ಡು ಹಾಕೋದು ನಂಗೆ ಸರಿ ಅನ್ನಿಸ್ಲಿಲ್ಲ, ಮುಂದಿನ ಆಟಕ್ಕೆ ಒಂದು 1.8 ತಗೋತಿದೀನಿ.