ಖಾಕಿ ಅಂಗಿಯ ಎರಡನೆಯ ಬಾಳು

ಖಾಕಿಗೂ ಮಂಗಳೂರಿಗೂ ಹಳೆಯ ನಂಟಿದೆ. 19ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಇಲ್ಲಿನ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಈಗ ಬಸ್ ನಿರ್ವಾಹಕರು, ರಿಕ್ಷಾ ಚಾಲಕರು ಉಟ್ಟು ಬಿಟ್ಟ ಖಾಕಿ ಅಂಗಿಗಳು ನೆಲ ಒರೆಸುವ ಬಟ್ಟೆಯಾಗದಂತೆ ತಡೆದು, ನಮ್ಮ ವಠಾರದ ಹೆಂಗಸರು ಅವುಗಳಿಂದ ಕೈಚೀಲ ಹೊಲಿಯುತ್ತಿದ್ದಾರೆ. ಕಾಲರೂ ಕಂಕುಳೂ ಸವೆದಿರುವುದರಿಂದ ಗಟ್ಟಿಯಾಗಿ ಉಳಿಯುವುದು ಹೆಚ್ಚಾಗಿ ಬೆನ್ನಿನ ಭಾಗ. ಬಟ್ಟೆಯನ್ನು ತೊಳೆದು, ಒಂದೊಂದೇ ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿ ಆಡುತ್ತದೆ. ನಮ್ಮ ತುಳುನಾಡಿನ ಆಟಿ ತಿಂಗಳ ಮಳೆಯಲ್ಲಂತೂ ಒಣಗಿಸುವುದೇ ದೊಡ್ಡ ಕೆಲಸ. ಹಳೆ ಬಟ್ಟೆಗೆ ಇಷ್ಟು ಬೆಲೆಯೇ ಎಂದು ಕೇಳುವವರಿಗೆ ಈ ದುಡಿಮೆ ಕಾಣುವುದಿಲ್ಲವೆಂಬುದು ನನ್ನ ನೋವು. ನಾನು ಕೊಂಡ ಚೀಲದ ಹೊರಬದಿಗೆ ಅಂಗಿಯ ಎದೆಜೇಬನ್ನು ಹಾಗೆಯೇ ಕೂರಿಸಿದ್ದಾರೆ. ಅದರ ಅಂಚಿನಲ್ಲಿ ಯಾರದೋ ಪೆನ್ನಿನ ನೀಲಿ ಕಲೆ ಇನ್ನೂ ಇದೆ.