ಇಳಿದವರು, ಇಳಿಸಿದವರು

‘ಸುರಕ್ಷತಾ ಸಾಧನ ಧರಿಸದೆ ಮ್ಯಾನ್‌ಹೋಲ್‌ಗೆ ಇಳಿದಿದ್ದ ಗುತ್ತಿಗೆ ಕಾರ್ಮಿಕನೊಬ್ಬ ಉಸಿರುಗಟ್ಟಿ ಮೃತಪಟ್ಟಿದ್ದಾನೆ. ಮೃತನು ಮದ್ಯಪಾನ ಮಾಡಿದ್ದ ಎನ್ನಲಾಗಿದೆ. ಗುತ್ತಿಗೆದಾರರು ಕೂಡಲೇ ಆತನನ್ನು ಆಸ್ಪತ್ರೆಗೆ ಸಾಗಿಸಿದರಾದರೂ ಪ್ರಯೋಜನವಾಗಲಿಲ್ಲ ಎಂದು ನಗರಸಭೆ ಅಧಿಕಾರಿಗಳು ತಿಳಿಸಿದ್ದಾರೆ.’

ಜಿಲ್ಲಾ ಪುಟಗಳ ಉಪ ಸಂಪಾದಕಿಯಾಗಿ ನಾನು ತಿದ್ದಬೇಕಾಗಿದ್ದ ವರದಿ ಹೀಗೆ ಆರಂಭವಾಗಿತ್ತು. ರಾತ್ರಿ ಎಂಟರ ಸುಮಾರು. ಪುಟ ಬಿಡಲು ಹೆಚ್ಚು ಸಮಯವಿರಲಿಲ್ಲ. ಮೇಲ್ನೋಟಕ್ಕೆ ತಪ್ಪೇನೂ ಇಲ್ಲದ, ಕಾಗುಣಿತವೂ ಸರಿಯಾಗಿದ್ದ, ಎರಡು ಕಾಲಂಗೆ ಹೊಂದುವ ವರದಿಯದು. ಕಳುಹಿಸಿದವರು ನನಗಿಂತ ಬಹಳ ಹಿರಿಯರಾದ, ಬಡವರ ಪರವಾಗಿ ಎಷ್ಟೋ ಸುದ್ದಿಗಳನ್ನು ಬರೆದ ವರದಿಗಾರರು. ಅವರಿಗೆ ಮೃತರ ಮೇಲೆ ಯಾವ ದ್ವೇಷವೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಬರವಣಿಗೆಯೊಳಗಿನ ಪೂರ್ವಗ್ರಹವನ್ನು ಬರೆದವರ ಮನಸ್ಸಿನ ಕೆಡುಕೆಂದು ತಿಳಿದರೆ ಅದನ್ನು ಹುಡುಕುವ ಜಾಗವೇ ತಪ್ಪಿಹೋಗುತ್ತದೆ. ಆ ಸಂಜೆ ಅವರಿಗೆ ಮಾತಿಗೆ ಸಿಕ್ಕವರು ಪೊಲೀಸ್ ಠಾಣೆಯವರು ಮತ್ತು ನಗರಸಭೆಯವರು. ಅವರಿಬ್ಬರ ಮಾತು ಬರಹದೊಳಗೆ ಬರುವಾಗ ಅವರು ನಿಂತ ಜಾಗವೂ ಜೊತೆಗೇ ಬಂದಿತ್ತು.

ನನ್ನನ್ನು ಮೊದಲು ತಡೆದದ್ದು ‘ಇಳಿದಿದ್ದ’ ಎಂಬ ಕ್ರಿಯಾಪದ. ಹೊಲಸು ತುಂಬಿದ ಗುಂಡಿಗೆ ಯಾರೂ ತಮ್ಮಿಚ್ಛೆಯಿಂದ ಇಳಿಯುವುದಿಲ್ಲ. ಯಾರೋ ಕರೆದಿರುತ್ತಾರೆ, ಮುಚ್ಚಳ ತೆಗೆಸಿರುತ್ತಾರೆ, ಕೂಲಿ ಮಾತಾಡಿರುತ್ತಾರೆ. ‘ಇಳಿದ’ ಎಂದು ಬರೆದ ಕ್ಷಣದಲ್ಲಿ ಅವರೆಲ್ಲರೂ ವಾಕ್ಯದಿಂದ ಹೊರಗೆ ಹೋಗಿ, ಸತ್ತವರೊಬ್ಬರೇ ತಮ್ಮ ಸಾವಿನ ಕರ್ತೃವಾಗಿ ಉಳಿಯುತ್ತಾರೆ. ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ (ಕೈಯಿಂದ ಮಲ ಬಾಚುವವರ) ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ 2013ರ ಏಳನೆಯ ಸೆಕ್ಷನ್ ಇದಕ್ಕೆ ತೀರ ವಿರುದ್ಧವಾದ ದಿಕ್ಕಿನಿಂದ ನೋಡುತ್ತದೆ. ಒಳಚರಂಡಿ ಅಥವಾ ಮಲಗುಂಡಿಯ ಅಪಾಯಕಾರಿ ಸ್ವಚ್ಛತೆಗೆ ಯಾವ ವ್ಯಕ್ತಿಯೂ, ಸ್ಥಳೀಯ ಸಂಸ್ಥೆಯೂ, ಏಜೆನ್ಸಿಯೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಯಾರನ್ನೂ ನೇಮಿಸಬಾರದು ಎನ್ನುತ್ತದೆ ಅದು. ಶಿಕ್ಷೆ ಇರುವುದು ಇಳಿಸಿದವರಿಗೆ. ಕಾನೂನು ಇಳಿಸಿದವರನ್ನು ಹಿಡಿದು ಕೇಳುತ್ತಿರುವಾಗ ನಮ್ಮ ವಾಕ್ಯ ಇಳಿದವರನ್ನು ಕೇಳುತ್ತಿತ್ತು.

‘ಸುರಕ್ಷತಾ ಸಾಧನ ಧರಿಸದೆ’ ಎಂಬುದರ ಕಥೆಯೂ ಅದೇ. ಸಾಧನಗಳನ್ನು ಒದಗಿಸುವುದು ಕೆಲಸಕ್ಕೆ ಹಚ್ಚಿದವರ ಹೊಣೆ ಎಂದು ಅದೇ ಕಾಯ್ದೆ ಹೇಳುತ್ತದೆ. ಕೊಟ್ಟಿದ್ದರೂ ಧರಿಸಲಿಲ್ಲವೇ, ಕೊಟ್ಟೇ ಇರಲಿಲ್ಲವೇ ಎಂಬುದನ್ನು ವರದಿ ಕೇಳಿರಲಿಲ್ಲ. ಕೇಳದೆಯೇ ಉತ್ತರವನ್ನು ಬರೆದಿತ್ತು. ಇಂಥ ವರದಿಗಳಲ್ಲಿ ಆಗಾಗ ಕಾಣಿಸುವ ‘ಅಜಾಗರೂಕತೆ’ ಎಂಬ ಮಾತನ್ನೂ ಇಲ್ಲೇ ಹೇಳಬೇಕು. ಒಳಚರಂಡಿಯಲ್ಲಿ ಉಂಟಾಗುವ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ಒಳಗಿದ್ದವರಿಗೆ ವಾಸನೆ ಹೋಯಿತೆಂದೇ ಅನ್ನಿಸುತ್ತದೆ, ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರೂ ಸಾಯುವುದು ಇದರಿಂದಲೇ. ಎಚ್ಚರವಾಗಿದ್ದರೆ ಪಾರಾಗಬಹುದಿತ್ತು ಎನ್ನುವಂತಹ ಅಪಾಯ ಅದಲ್ಲ.

ನಾನು ವರದಿಗಾರರಿಗೆ ಫೋನ್ ಮಾಡಿದೆ. ‘ಸರ್, ಮದ್ಯಪಾನ ಮಾಡಿದ್ದ ಎನ್ನಲಾಗಿದೆ ಅಂತ ಇದೆ. ಅಂದವರು ಯಾರು?’ ಎಂದು ಕೇಳಿದೆ. ‘ಎಲ್ಲರೂ ಹಾಗೇ ಅಂತಿದ್ರಮ್ಮಾ’ ಎಂದರು. ‘ಎಲ್ಲರೂ ಅಂದರೆ?’ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗುತ್ತಿಗೆದಾರನ ಕಡೆಯ ಮೇಸ್ತ್ರಿ’ ಎಂದರು. ಮರಣೋತ್ತರ ಪರೀಕ್ಷೆ ಇನ್ನೂ ಆಗಿರಲಿಲ್ಲ. ಕನ್ನಡ ಪತ್ರಿಕೆಗಳ ‘ಎನ್ನಲಾಗಿದೆ’ಯಷ್ಟು ಅಪಾಯದ ಪ್ರಯೋಗ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಪಾದನೆಯಿಂದ ಬಚಾವಾಗಬೇಕಾದ ಒಬ್ಬನ ಮಾತು ಅದರೊಳಗೆ ಹಾದು ಬಂದರೆ ಊರಿನ ಮಾತಾಗಿಬಿಡುತ್ತದೆ. ಹೇಳಿದವರ ಹೆಸರು ಹಾಕಲಾಗದ ಆರೋಪವನ್ನು, ಅದರಲ್ಲೂ ಉತ್ತರ ಕೊಡಲಾರದ ಮೃತರ ಮೇಲಿನ ಆರೋಪವನ್ನು, ಬಿಟ್ಟುಬಿಡಬೇಕು. ಬಿಟ್ಟೆವು.

ಸ್ಥಳದಲ್ಲಿದ್ದ ಮತ್ತೊಬ್ಬ ಕಾರ್ಮಿಕರನ್ನು ಮಾತನಾಡಿಸಲು ಸಾಧ್ಯವೇ ಎಂದು ಕೇಳಿದಾಗ ವರದಿಗಾರರು ಬೇಸರಿಸಿಕೊಳ್ಳಲಿಲ್ಲ. ಆಸ್ಪತ್ರೆಯ ಶವಾಗಾರದ ಬಳಿ ಹೋಗಿ, ಅರ್ಧ ಗಂಟೆಯೊಳಗೆ ಮರಳಿ ಕರೆ ಮಾಡಿದರು. ಆ ಕಾರ್ಮಿಕರು ಹೇಳಿದ್ದಿಷ್ಟು: ಬೆಳಿಗ್ಗೆಯೇ ಬ್ಲಾಕ್ ಆಗಿದ್ದ ಲೈನು, ರಭಸದ ನೀರು ಹಾಯಿಸಿ ಲೈನು ತೆರವು ಮಾಡುವ ಜೆಟ್ಟಿಂಗ್ ಗಾಡಿ ಬರುವುದಿಲ್ಲವೆಂದು ಮೇಸ್ತ್ರಿ ಹೇಳಿದ್ದು, ಹಗ್ಗವೊಂದನ್ನು ಬಿಟ್ಟು ಬೇರೇನೂ ಕೊಡದಿದ್ದದ್ದು, ‘ಬೇಗ ಇಳೀರಿ’ ಎಂದದ್ದು. ಇದೂ ಒಬ್ಬರ ಹೇಳಿಕೆಯೇ. ಆದ್ದರಿಂದ ಇದನ್ನೂ ಸಿದ್ಧ ಸತ್ಯವೆಂದು ಬರೆಯದೆ, ‘ಜೊತೆಗಿದ್ದ ಕಾರ್ಮಿಕರು ತಿಳಿಸಿದರು’ ಎಂದೇ ಬರೆದೆವು. ಪಕ್ಕದ ಕುರ್ಚಿಯ ಕಿರಿಯ ಸಹೋದ್ಯೋಗಿ, ಕಣ್ಣಲ್ಲಿ ನೀರು ತುಂಬಿಕೊಂಡೇ, ‘ವ್ಯವಸ್ಥೆ ನಡೆಸಿದ ಕೊಲೆ’ ಎಂಬ ಶೀರ್ಷಿಕೆ ಸೂಚಿಸಿದಳು. ಅವಳ ಸಿಟ್ಟು ನನಗೂ ಇತ್ತು. ಆದರೆ ‘ವ್ಯವಸ್ಥೆ’ ಎಂದಾಗಲೂ ಕರ್ತೃ ಮರೆಯಾಗುತ್ತಾನೆ. ಗುತ್ತಿಗೆದಾರನೂ ಅಧಿಕಾರಿಯೂ ಆ ದೊಡ್ಡ ಪದದ ನೆರಳಿನಲ್ಲಿ ನಿಶ್ಚಿಂತೆಯಿಂದ ಇರಬಹುದು. ‘ಕೊಲೆ’ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ.

ಇನ್ನು ಮರ್ಯಾದೆಯ ಪ್ರಶ್ನೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಮುಗಿಯಬೇಕಾದರೆ ‘ದ್ದಾನೆ’ಯೋ ‘ದ್ದಾರೆ’ಯೋ ಎಂದು ತೀರ್ಮಾನಿಸಲೇಬೇಕು, ತಟಸ್ಥವಾಗಿ ನಿಲ್ಲಲು ಜಾಗವಿಲ್ಲ. ಒಂದೇ ವರದಿಯಲ್ಲಿ ಗುತ್ತಿಗೆದಾರರು ‘ಸಾಗಿಸಿದರು’, ಅಧಿಕಾರಿಗಳು ‘ತಿಳಿಸಿದ್ದಾರೆ’, ಸತ್ತವನು ಮಾತ್ರ ‘ಮೃತಪಟ್ಟಿದ್ದಾನೆ’. ಇದನ್ನು ಓದಿ ಯಾರೂ ಬೆಚ್ಚುವುದಿಲ್ಲ, ಅಷ್ಟು ಒಗ್ಗಿಹೋಗಿದೆ. ಅದೇ ಪುಟದಲ್ಲಿ ಅಪಘಾತದಲ್ಲಿ ತೀರಿಕೊಂಡ ಉಪನ್ಯಾಸಕರ ಸುದ್ದಿಯಿತ್ತು. ಅವರು ಕಾರ್ಮಿಕರಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಆದರೂ ‘ಮೃತಪಟ್ಟಿದ್ದಾರೆ’. ಎರಡನ್ನೂ ಅಕ್ಕಪಕ್ಕ ಇಟ್ಟು ಮುಖ್ಯ ಉಪ ಸಂಪಾದಕರಿಗೆ ತೋರಿಸಿದೆ. ಅವರು ಏನೂ ಹೇಳದೆ ಕಾರ್ಮಿಕರ ಸುದ್ದಿಯಲ್ಲಿದ್ದ ಏಕವಚನವನ್ನೆಲ್ಲ ತಾವೇ ತಿದ್ದಿದರು.

ಕಷ್ಟವಾದದ್ದು ಜಾತಿಯ ವಿಷಯ. ವರದಿಯಲ್ಲಿ ಜಾತಿ ನೇರವಾಗಿ ಇರಲಿಲ್ಲ, ಆದರೆ ಕಾಲೊನಿಯ ಹೆಸರಿತ್ತು. ಆ ಊರಿನವರಿಗೆ ಅಷ್ಟೇ ಸಾಕು. ಅವಹೇಳನಕ್ಕೆ ಎಡೆಯಾಗುವಂತೆ ಜಾತಿಯನ್ನು ಗುರುತಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯ ನೀತಿ ಸೂತ್ರಗಳಲ್ಲಿದೆ, ಅದು ಸರಿಯಾದ ಮಾತು. ಕಳ್ಳತನದ ಸುದ್ದಿಯಲ್ಲಿ ಜಾತಿಗಾಗಲಿ ಕಾಲೊನಿಗಾಗಲಿ ಏನು ಕೆಲಸ? ಆದರೆ ಮ್ಯಾನ್‌ಹೋಲ್ ಸಾವಿನಲ್ಲಿ ಜಾತಿಯನ್ನು ಅಳಿಸಿಹಾಕಿದರೆ, ಇಂಥದೇ ಮನೆಗಳ ಗಂಡಸರು ಯಾಕೆ ತಲೆಮಾರುಗಳಿಂದ ಈ ಕೆಲಸಕ್ಕೆ ಕರೆಯಲ್ಪಡುತ್ತಾರೆ ಎಂಬ ಕಾರಣವನ್ನೇ ಅಳಿಸಿದಂತೆ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ, ಆ ಪದ್ಧತಿ ಜಾತಿಯದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಷ್ಟು ವರ್ಷಗಳ ನಂತರ ನಾವು ಅದನ್ನು ಬರೀ ‘ಗುತ್ತಿಗೆ ಕೆಲಸ’ ಎಂದು ಬರೆದರೆ ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ. ಕೊನೆಗೆ ಕಾಲೊನಿಯ ಹೆಸರನ್ನು ತೆಗೆದು, ಕುಟುಂಬದವರನ್ನು ವರದಿಗಾರರ ಮೂಲಕ ಕೇಳಿ, ಅವರು ಒಪ್ಪಿದ ಮೇಲೆ ‘ಪರಿಶಿಷ್ಟ ಜಾತಿಗೆ ಸೇರಿದ’ ಎಂಬುದನ್ನು ಸೇರಿಸಿದೆವು. ಈ ತೀರ್ಮಾನ ಎಲ್ಲ ಸುದ್ದಿಗೂ ಅನ್ವಯಿಸುತ್ತದೆಂದು ನಾನು ಹೇಳಲಾರೆ. ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕಾದ ವಿಷಯವದು.

ಪರಿಹಾರದ ಒಂದು ಸಾಲನ್ನೂ ಸೇರಿಸಿದೆವು. ಇಂಥ ಸಾವುಗಳಿಗೆ 2014ರಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದ್ದ 10 ಲಕ್ಷ ರೂಪಾಯಿಯನ್ನು ಅದೇ ನ್ಯಾಯಾಲಯ 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿದೆ. ಇದು ಬೇಡಿದವರಿಗೆ ಸಿಗುವ ದಾನವಲ್ಲವಾದ್ದರಿಂದ, ನಗರಸಭೆಯವರು ‘ಮಾನವೀಯತೆಯಿಂದ ನೆರವು ನೀಡುವುದಾಗಿ’ ಕೊಟ್ಟಿದ್ದ ಭರವಸೆಯ ಮುಂದಿನ ಸಾಲಿನಲ್ಲೇ ಇದನ್ನು ಇಟ್ಟೆವು. ಪತ್ರಿಕೆಯ ತುಣುಕನ್ನು ಅರ್ಜಿಗೆ ಲಗತ್ತಿಸುವುದು ನಮ್ಮಲ್ಲಿ ವಾಡಿಕೆ. ‘ಕುಡಿದು ಇಳಿದಿದ್ದ’ ಎಂಬ ತುಣುಕಿನೊಂದಿಗೆ ಆ ಮನೆಯವರು ಕಚೇರಿಗೆ ಅಲೆಯುವುದನ್ನು ಊಹಿಸಿಕೊಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಅಚ್ಚಾದ ವರದಿ ಆರಂಭವಾದದ್ದು ಹೀಗೆ: ‘ಒಳಚರಂಡಿ ಸ್ವಚ್ಛಗೊಳಿಸಲು ಗುತ್ತಿಗೆದಾರರ ಕಡೆಯವರು ಮ್ಯಾನ್‌ಹೋಲ್‌ಗೆ ಇಳಿಸಿದ್ದ ಕಾರ್ಮಿಕರೊಬ್ಬರು ಉಸಿರುಗಟ್ಟಿ ಮೃತಪಟ್ಟಿದ್ದಾರೆ ಎಂದು ಜೊತೆಗಿದ್ದ ಕಾರ್ಮಿಕರು ತಿಳಿಸಿದ್ದಾರೆ. ಸುರಕ್ಷತಾ ಸಾಧನ ಒದಗಿಸಲಾಗಿತ್ತೇ ಎಂಬ ಪ್ರಶ್ನೆಗೆ ನಗರಸಭೆ ಅಧಿಕಾರಿಗಳು ಉತ್ತರಿಸಲಿಲ್ಲ.’ ಮೂಲಕ್ಕಿಂತ ನಾಲ್ಕು ಸಾಲು ಉದ್ದವಾಯಿತು. ಸನ್ಮಾನ ಸಮಾರಂಭವೊಂದರ ಚಿತ್ರವನ್ನು ಚಿಕ್ಕದು ಮಾಡಿ ಜಾಗ ಹೊಂದಿಸಿದರು.

ಮರುದಿನ ಮಧ್ಯಾಹ್ನ ವರದಿಗಾರರೇ ಕರೆ ಮಾಡಿದರು. ಇಳಿಸಿದವರು ಯಾರೆಂದು ಬರೆದ ಮೇಲೆ, ಇಳಿಸುವ ಅಗತ್ಯವೇನಿತ್ತು ಎಂದು ಕೇಳಬೇಕೆನ್ನಿಸಿತಂತೆ. ನಗರಸಭೆಯ ಜೆಟ್ಟಿಂಗ್ ಯಂತ್ರ ಎಲ್ಲಿದೆಯೆಂದು ಹುಡುಕಿಕೊಂಡು ಹೋದ ಅವರಿಗೆ, ಅದು ಗ್ಯಾರೇಜೊಂದರಲ್ಲಿ ರಿಪೇರಿಯ ಬಿಲ್ ಪಾವತಿಯಾಗದೆ ನಿಂತಿರುವುದು ಗೊತ್ತಾಗಿತ್ತು. ಆ ವರದಿ ಮೊದಲ ಪುಟಕ್ಕೆ ಹೋಯಿತು.