ನೋಡದ ಪುಸ್ತಕಕ್ಕೆ ಅಡಿಟಿಪ್ಪಣಿ

ಎಂ.ಎ. ಕಿರುಪ್ರಬಂಧಗಳು ಕೈಗೆ ಬಂದರೆ ನಾನು ಮೊದಲು ಓದುವುದು ಅಡಿಟಿಪ್ಪಣಿಗಳನ್ನು. ಈ ಸಲ ಒಂದರಲ್ಲಿ ಹಲ್ಮಿಡಿ ಶಾಸನದ ಪಾಠ ಕೊಟ್ಟು, ಕೆಳಗೆ ‘ಬಿ.ಎಲ್. ರೈಸ್, ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 5, 1902’ ಎಂದು ಹಾಕಿತ್ತು. ರೈಸ್ ಹೊರತಂದ ಈ ಶಾಸನ ಸಂಗ್ರಹದಲ್ಲಿ, ಹಲ್ಮಿಡಿ ಇರುವ ಹಾಸನ ಜಿಲ್ಲೆಯ ಸಂಪುಟ ಅದೇ, ವರ್ಷವೂ ಸರಿ. ಆದರೆ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದದ್ದು 1936ರಲ್ಲಿ. ರೈಸ್ ತೀರಿಕೊಂಡದ್ದೇ 1927ರಲ್ಲಿ!

ಅದನ್ನು ಬರೆದ ಹುಡುಗಿಯನ್ನು ಕರೆದು ಕೇಳಿದೆ. “ಗೈಡ್‌ನಲ್ಲಿ ಹಾಗೇ ಇತ್ತು ಮೇಡಂ” ಎಂದಳು. ಆ ಗೈಡ್ ಪುಸ್ತಕವನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ‘ಶಾಸನ’ ಇದ್ದ ಕಡೆ ಇವಳಲ್ಲಿ ‘ಶಿಲಾಲೇಖ’, ‘ತಿಳಿದುಬರುತ್ತದೆ’ ಇದ್ದ ಕಡೆ ‘ಗೊತ್ತಾಗುತ್ತದೆ’. ವಾದದ ಸರಣಿ, ಉದಾಹರಣೆಗಳ ಕ್ರಮ, ಕೊನೆಗೆ ತಪ್ಪು ಕೂಡ ಅದೇ. ನಕಲು ಪತ್ತೆಹಚ್ಚುವ ತಂತ್ರಾಂಶದ ವರದಿ ಮಾತ್ರ ಹೋಲಿಕೆ ಶೇ. 8 ಅನ್ನುತ್ತಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅಂತರ್ಜಾಲದಲ್ಲೇ ಇಲ್ಲದ ಕನ್ನಡ ಗೈಡನ್ನು ಯಂತ್ರ ಹೇಗೆ ಹಿಡಿದೀತು? ಪದ ಬದಲಾಯಿಸಿದರೆ ಬರಹ ನಮ್ಮದಾಗುತ್ತದೆ ಎಂದು ಈ ಮಕ್ಕಳಿಗೆ ಕಲಿಸಿದ್ದು ಈ ಶೇಕಡಾ ಲೆಕ್ಕವೇ. ಇದು ನನಗೆ ನಿಜಕ್ಕೂ ನೋವಿನ ವಿಷಯ.

“ಮೂಲ ಸಿಗದಿದ್ದರೆ ಚಿಂತೆಯಿಲ್ಲಮ್ಮ, ಯಾವ ಪುಸ್ತಕದಲ್ಲಿ ಓದಿದೆಯೋ ಅದನ್ನೇ ಹೇಳು. ರೈಸ್‌ ಹೆಸರು ಹಾಕಿದರೆ ರೈಸ್‌ನನ್ನು ಓದಿದ್ದೇನೆ ಅಂತ ಅರ್ಥ” ಎಂದೆ. ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯನ್ನು ಹುಡುಕಲು ಗ್ರಂಥಾಲಯಕ್ಕೂ ಕಳಿಸಿದೆ. ಸಿಕ್ಕಿತು.

ಆಮೇಲೆ ಅವಳ ಪ್ರಶ್ನೆಗಳೇ ಬೇರೆಯಾದವು. ಶಾಸನದ ಹದಿನಾರು ಸಾಲಿನಲ್ಲಿ ಎಲ್ಲೂ ಇಸವಿ ಇಲ್ಲವಲ್ಲ ಮೇಡಂ, ಕ್ರಿ.ಶ. 450 ಎಲ್ಲಿಂದ ಬಂತು? ಲಿಪಿಯ ರೂಪ ನೋಡಿ ವಿದ್ವಾಂಸರು ಊಹಿಸಿದ್ದು, ಅದರಲ್ಲೂ ಒಮ್ಮತವಿಲ್ಲ ಎಂದೆ. ಅದಕ್ಕಿಂತ ಹಳೆಯದೆಂದು ಹೇಳಲಾಗುವ ತಾಳಗುಂದದ ಶಾಸನದ ಸುದ್ದಿಯೇ ಗೈಡ್‌ನಲ್ಲಿ ಇರಲಿಲ್ಲ. ಅವಳು ಎರಡು ಕಡೆಯ ವಾದವನ್ನೂ ಹೆಸರು, ಪುಟ ಸಮೇತ ಕೊಟ್ಟು, ತನಗೆ ಯಾವುದು ಸರಿ ಅನ್ನಿಸಿತೆಂದು ಒಂದು ಪುಟ ಬರೆದಳು. ವಾಕ್ಯ ಒಂದಿಷ್ಟು ಒರಟು, ಆದರೆ ಪೂರ್ತಿ ಅವಳದೇ.

ಹೊಸ ಪ್ರತಿಯಲ್ಲಿ ಹೋಲಿಕೆ ಶೇ. 12ಕ್ಕೆ ಏರಿದೆ. ಉದ್ಧರಣ ಚಿಹ್ನೆಯೊಳಗಿನ ಶಾಸನಪಾಠವನ್ನೂ ಯಂತ್ರ ಎಣಿಸಿದೆ. ಮೂಲ ಹೇಳಿ ಕೊಟ್ಟ ಉದ್ಧರಣಗಳನ್ನು ಲೆಕ್ಕದಿಂದ ಬಿಡಬೇಕೆಂದು ಅದೇ ಯುಜಿಸಿ ನಿಯಮದಲ್ಲಿದೆ. ಒಂದು ಸಾಲನ್ನೂ ತೆಗೆಯಬೇಡ ಎಂದು ಅವಳಿಗೆ ಹೇಳಿದ್ದೇನೆ, ನಿಯಮದ ಪ್ರತಿ ಹಿಡಿದುಕೊಂಡು ನಾಳೆ ನಾನೇ ಗ್ರಂಥಪಾಲಕರ ಹತ್ತಿರ ಹೋಗುತ್ತೇನೆ.